ನಿಕ್ಕಲ್: ಅದರ ಗುಣಗಳು, ರೂಪಗಳು, ಉಪಯೋಗಗಳು

ಚಿನ್ನ, ತಾಮ್ರ, ಕಬ್ಬಿಣಗಳನ್ನು ಜನರು ನೋಡಿದೊಡನೆಯೇ ಗುರುತಿಸುವರು. ನಿಕ್ಕಲ್ ಹಾಗಲ್ಲ. ದಿನವೂ ಕೈಗೆ ಬರುವ ವಸ್ತುಗಳಲ್ಲಿದ್ದರೂ ಅದು ಬಹುಮಟ್ಟಿಗೆ ಬೇರೊಂದು ಲೋಹದ ಹೆಸರಿನ ಮರೆಯಲ್ಲಿರುವುದು. ಅಡಿಗೆಮನೆಯ ಅನೇಕ ಪಾತ್ರೆಗಳಿಗೆ ಉಕ್ಕೆಂದು ಹೆಸರು. ಜರ್ಮನ್ ಬೆಳ್ಳಿಯ ತಟ್ಟೆಗೆ ಬೆಳ್ಳಿಯೆಂದು ಹೆಸರು. ಎರಡರಲ್ಲಿಯೂ ನಿಕ್ಕಲ್ ಸೇರಿರುವುದು. ಬಿಡಿಯಾಗಿರುವುದಕ್ಕಿಂತ ಇತರ ದ್ರವ್ಯಗಳೊಡನೆ ಕೂಡಿದಾಗಲೇ ಹೆಚ್ಚು ಕಾರ್ಯಕಾರಿಯಾಗುವುದು ಈ ಲೋಹದ ವೈಶಿಷ್ಟ್ಯ.

ಇದರ ಹೆಸರು ಹುಟ್ಟಿದುದು ನಿರಾಶೆಯಿಂದ. ಜರ್ಮನಿಯ ಗಣಿಗಾರರಿಗೆ ಕೆಂಪುಛಾಯೆಯ ಅದಿರೊಂದು ದೊರೆಯುತ್ತಿದ್ದಿತು. ನೋಡಲು ತಾಮ್ರದ ಅದಿರಿನಂತಿದ್ದರೂ ಎಷ್ಟು ಕಾಸಿದರೂ ಅದರಿಂದ ತಾಮ್ರ ಬಾರದು. ಅದರೊಳಗಿನ ಆರ್ಸೆನಿಕ್ಕಿನ ವಿಷಧೂಮ ಮಾತ್ರ ಏಳುವುದು. ಇದು ಭೂತಚೇಷ್ಟೆಯೆಂದು ಬಗೆದ ಅವರು ಅದನ್ನು ‘ಕುಪ್ಫರ್‌ನಿಕ್ಕೆಲ್’, ಎಂದರೆ ತಾಮ್ರದ ಪಿಶಾಚಿ, ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬ ಖನಿಜಶಾಸ್ತ್ರಜ್ಞನು ಇಂತಹ ಅದಿರಿನಿಂದ ಹೊಸದೊಂದು ಲೋಹವನ್ನು ಬೇರ್ಪಡಿಸಿ, ಆ ಬೈಗುಳದ ಉತ್ತರಾರ್ಧವನ್ನೇ ಅದಕ್ಕೆ ಹೆಸರಾಗಿ ಉಳಿಸಿದನು.

ಶುದ್ಧವಾದ ನಿಕ್ಕಲ್ ತುಸು ಹಳದಿಯ ಛಾಯೆಯುಳ್ಳ ಬೆಳ್ಳಿಯ ಬಣ್ಣದ ಲೋಹ. ಅದರ ಪರಮಾಣುಸಂಖ್ಯೆ 28. ಅದು ನೀರಿಗಿಂತ ಸುಮಾರು 8.9 ಪಾಲು ಭಾರವುಳ್ಳದ್ದು. 1455 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಅದನ್ನು ತಗಡಾಗಿ ಬಡಿಯಬಹುದು, ತಂತಿಯಾಗಿ ಎಳೆಯಬಹುದು. ಕಬ್ಬಿಣದಂತೆ ಇದನ್ನೂ ಅಯಸ್ಕಾಂತವು ಸೆಳೆಯುವುದು. ಆದರೆ ಸುಮಾರು 358 ಡಿಗ್ರಿಗೆ ಕಾಯಿಸಿದರೆ ಆ ಗುಣ ಅಡಗುವುದು. ಗಾಳಿಯಲ್ಲಿ ಇದರ ಮೇಲೆ ಅತಿ ತೆಳುವಾದ ಆಕ್ಸೈಡಿನ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುವುದು. ಕಬ್ಬಿಣ, ಹಿತ್ತಾಳೆಗಳ ಮೇಲೆ ವಿದ್ಯುತ್ತಿನಿಂದ ನಿಕ್ಕಲಿನ ಲೇಪ ಕೊಡುವುದಕ್ಕೆ ಇದೇ ಕಾರಣ.

ಈ ಲೋಹವನ್ನು ಶುದ್ಧಿಮಾಡುವ ಒಂದು ವಿಧಾನವು ಅತ್ಯಾಶ್ಚರ್ಯಕರವಾದುದು. ಲುಡ್ವಿಗ್ ಮಾಂಡ್ ಎಂಬ ರಸಾಯನಶಾಸ್ತ್ರಜ್ಞನ ಯಂತ್ರಗಳಲ್ಲಿ ನಿಕ್ಕಲಿನ ಕವಾಟಗಳು ಸವೆದುಹೋಗುತ್ತಿದ್ದುವು. ಕಾರಣವನ್ನು ಹುಡುಕುತ್ತ ಹೋದ ಮಾಂಡ್, ಲ್ಯಾಂಗರ್, ಕ್ವಿಂಕೆ ಎಂಬ ಮೂವರು, ಕಾರ್ಬನ್ ಮಾನಾಕ್ಸೈಡ್ ಅನಿಲವು ನಿಕ್ಕಲಿನೊಡನೆ ಕೂಡಿ ಸುಲಭವಾಗಿ ಆವಿಯಾಗುವ ವಸ್ತುವಾಗುವುದೆಂದು 1890ರಲ್ಲಿ ಪ್ರಕಟಿಸಿದರು. ಇದೇ ನಿಕ್ಕಲ್ ಕಾರ್ಬನಿಲ್. ಇದು ಸುಮಾರು 60 ಡಿಗ್ರಿಯಲ್ಲಿ ಹುಟ್ಟಿ, 200 ಡಿಗ್ರಿಗೆ ಮೇಲ್ಪಟ್ಟು ಕಾಯಿಸಿದಾಗ ಒಡೆದು ಶುದ್ಧ ನಿಕ್ಕಲನ್ನು ಬಿಟ್ಟುಕೊಡುವುದು. ತಾಮ್ರ ಮುಂತಾದ ಕಲ್ಮಷಗಳು ಆವಿಯಾಗದೆ ಹಿಂದೆಯೇ ಉಳಿಯುವುವು. ಯಂತ್ರವನ್ನು ಕೆಡಿಸಿದ ದೋಷವೇ ಹೀಗೆ ವೇಲ್ಸಿನ ಕ್ಲೈಡಾಕ್ ಎಂಬಲ್ಲಿ ದೊಡ್ಡ ಕೈಗಾರಿಕೆಯಾಯಿತು. ಆದರೆ ಈ ಆವಿ ಉಗ್ರವಾದ ವಿಷ. ಸ್ವಲ್ಪ ಸೋರಿದರೂ ಪ್ರಾಣಾಪಾಯವುಂಟು. ಈ ಕ್ರಮದಿಂದ ಗುಂಡುಗಳೂ ಪುಡಿಯೂ ದೊರೆಯುವುವು. ವಿದ್ಯುದ್ವಿಭಜನೆಯಿಂದ ಫಲಕಗಳು ದೊರೆಯುವುವು. ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣದೊಡನೆ ಬೆರೆತ ಫೆರೊನಿಕ್ಕಲ್ ಸಾಕಾಗುವುದು.

ಮಿಶ್ರಲೋಹಗಳಲ್ಲಿ ನಿಕ್ಕಲಿನ ಪ್ರಭಾವವು ಪ್ರಮಾಣವನ್ನನುಸರಿಸಿ ವಿಚಿತ್ರವಾಗಿ ಬದಲಾಗುವುದು. ಉಕ್ಕಿಗೆ ನೂರಕ್ಕೆ 18 ಪಾಲು ಕ್ರೋಮಿಯಮ್ಮನ್ನೂ 8 ಪಾಲು ನಿಕ್ಕಲನ್ನೂ ಸೇರಿಸಿದರೆ ತುಕ್ಕುಹಿಡಿಯದ ಉಕ್ಕಾಗುವುದು. ಕಬ್ಬಿಣ, ನಿಕ್ಕಲ್ ಎರಡನ್ನೂ ಅಯಸ್ಕಾಂತವು ಸೆಳೆದರೂ ಹದಮಾಡಿದ ಈ ಉಕ್ಕನ್ನು ಅದು ಸೆಳೆಯುವುದೇ ಇಲ್ಲವೆನ್ನಬಹುದು. ಕಬ್ಬಿಣಕ್ಕೆ ನೂರಕ್ಕೆ 36 ಪಾಲು ನಿಕ್ಕಲ್ ಬೆರೆತರೆ, ಸಾಧಾರಣ ಶಾಖದಲ್ಲಿ ಹಿಗ್ಗದೆ ಕುಗ್ಗದೆ ಇರುವ ‘ಇನ್‌ವಾರ್’ ಆಗುವುದು. 1896ರಲ್ಲಿ ಇದನ್ನು ಕಂಡುಹಿಡಿದ ಗಿಯೋಮ್ ಎಂಬಾತನಿಗೆ 1920ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಭೂಮಾಪನದ ತಂತಿಗಳಿಗೂ ಗಡಿಯಾರಗಳಿಗೂ ಅದು ನಿಷ್ಕೃಷ್ಟತೆಯನ್ನು ಕೊಟ್ಟಿತು. ನಾಲ್ಕರಲ್ಲಿ ಮೂರುಪಾಲು ತಾಮ್ರ, ಒಂದುಪಾಲು ನಿಕ್ಕಲ್ ಸೇರಿದರೆ ನಾಣ್ಯಕ್ಕೆ ಯೋಗ್ಯವಾದ ಬಿಳಿಯ ಲೋಹ. 1907ರಿಂದ ಭಾರತದಲ್ಲಿ ಚಲಾವಣೆಗೆ ಬಂದ ಅಲೆಯಂಚಿನ ಒಂದಾಣೆ ಇದರದೇ. 1947ರಲ್ಲಿ ರೂಪಾಯಿಯನ್ನೇ ಬೆಳ್ಳಿಯನ್ನು ಬಿಟ್ಟು ನಿಕ್ಕಲಿನಲ್ಲಿ ಅಚ್ಚುಹಾಕಲಾಯಿತು.

ತಾನು ವೆಚ್ಚವಾಗದೆ ಇತರರ ಕೆಲಸವನ್ನು ನಡೆಸಿಕೊಡುವುದೂ ಈ ಲೋಹಕ್ಕೆ ಗೊತ್ತು. ಕಾಯಿಸಿದ ಎಣ್ಣೆಯಲ್ಲಿ ನಿಕ್ಕಲಿನ ಸಣ್ಣಪುಡಿಯನ್ನಿಟ್ಟು ಜಲಜನಕವನ್ನು ಹಾಯಿಸಿದರೆ, ಆ ಅನಿಲವು ಎಣ್ಣೆಯೊಡನೆ ಕೂಡಿ ಅದನ್ನು ಗಟ್ಟಿಮಾಡುವುದು; ವನಸ್ಪತಿ ತಯಾರಾಗುವುದು ಹೀಗೆಯೇ. ಕೆಲಸ ಮುಗಿದಮೇಲೆ ಪುಡಿಯನ್ನು ಸೋಸಿ ತೆಗೆಯುವರು.

ಇಷ್ಟು ಉಪಕಾರಿಯಾದ ಲೋಹಕ್ಕೆ ನೆಲವು ತೆರುವ ಬೆಲೆ ಅಲ್ಪವಲ್ಲ. ಕೆನಡದ ಸಡ್‌ಬರಿಯಲ್ಲಿ 1883ರಲ್ಲಿ ರೈಲುದಾರಿ ಹಾಕುವಾಗ ಅದಿರು ಹೊರಬಿದ್ದಿತು. ಅದನ್ನು ಬಯಲಿನಲ್ಲಿಯೇ ರಾಶಿಹಾಕಿ ಸುಟ್ಟುದರಿಂದ ಎದ್ದ ಗಂಧಕದ ಹೊಗೆಗೆ ಸುತ್ತಣ ಕಾಡು ಸತ್ತು ಬಂಡೆಗಳು ಕಪ್ಪಾದುವು. 1978ರಿಂದ ಆ ನೆಲಕ್ಕೆ ಸುಣ್ಣವೂಡಿಸಿ ಗಿಡನೆಟ್ಟು ಹಸುರನ್ನು ಮರಳಿ ತರುತ್ತಿದ್ದಾರೆ. ಇಂದು ಅತ್ಯಧಿಕವಾಗಿ ನಿಕ್ಕಲ್ ತೆಗೆಯುವ ಇಂಡೊನೇಷ್ಯದಲ್ಲಿ ಅದಿರು ಮೇಲ್ಮಣ್ಣಿನ ಸಮೀಪದಲ್ಲಿಯೇ ಇರುವುದರಿಂದ ಕಾಡನ್ನು ಕಡಿದೇ ಅಗೆಯಬೇಕಾಗುವುದು. ಒಡಿಸ್ಸಾದ ಸುಕಿಂದದಲ್ಲಿಯೂ ಕ್ರೋಮೈಟ್ ಗಣಿಗಳ ಮೇಲ್ಮಣ್ಣಿನಲ್ಲಿ ನಿಕ್ಕಲ್ ಉಂಟು. ವಿದ್ಯುತ್ ವಾಹನಗಳ ಬ್ಯಾಟರಿಗಳಿಗೂ ಈಗ ಈ ಲೋಹ ಬೇಕಾಗಿರುವುದರಿಂದ ಅಗೆತ ಕಡಮೆಯಾಗುವಂತಿಲ್ಲ.

ಆದರೂ ನಿಕ್ಕಲ್ ಬಳಕೆಯಿಂದ ನಾಶವಾಗತಕ್ಕದ್ದಲ್ಲ. ಹಳೆಯ ಪಾತ್ರೆಯನ್ನು ಕರಗಿಸಿದರೆ ಅದರೊಳಗಿನ ನಿಕ್ಕಲ್ ಹೊಸ ಉಕ್ಕಿನಲ್ಲಿ ಮತ್ತೆ ನಿಲ್ಲುವುದು. ಗುಜರಿಯ ಅಂಗಡಿಗೆ ಸೇರಿದ ಒಡಕು ತಟ್ಟೆಯೂ ಒಂದು ಬಗೆಯ ಅದಿರೇ. ಅದನ್ನು ಪಡೆಯಲು ಯಾವ ಕಾಡನ್ನೂ ಕಡಿಯಬೇಕಾಗಿಲ್ಲ.