ಎಲೆಯ ಸುಂಕವೂ ಬೀಡಿಯ ಕರವೂ

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರು ಅಪರಿಚಿತವಲ್ಲ. ಇಂಥ ಸುಂಕದ ಆದಾಯದಲ್ಲಿ ಇಂತಿಷ್ಟು ಭಾಗವನ್ನು ಕೆರೆಯ ಜೀರ್ಣೋದ್ಧಾರಕ್ಕೆಂದೋ ದೇಗುಲದ ನಂದಾದೀವಿಗೆಗೆಂದೋ ಸತ್ರದ ಅನ್ನದಾನಕ್ಕೆಂದೋ ಬಿಟ್ಟುಕೊಟ್ಟ ಸಂಗತಿ ಆ ಬರಹಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಈ ಪದ್ಧತಿಯಲ್ಲಿ ಒಂದು ದೊಡ್ಡ ಗುಣವಿದೆ. ಸುಂಕ ಕೊಟ್ಟವನಿಗೆ ತನ್ನ ಹಣ ಎಲ್ಲಿಗೆ ಸೇರಿತೆಂಬುದು ತಿಳಿದಿರುತ್ತದೆ. ಅದರ ಜೊತೆಗೇ ಒಂದು ದೌರ್ಬಲ್ಯವೂ ಇದೆ. ಹೇರುಗಳು ಬೇರೆ ದಾರಿ ಹಿಡಿದರೆ ಸುಂಕ ನಿಲ್ಲುತ್ತದೆ. ಸುಂಕ ನಿಂತರೆ ದೀಪವೂ ಆರುತ್ತದೆ. ಈ ಗುಣದೋಷಗಳೆರಡನ್ನೂ ನಮ್ಮ ಕಾಲದಲ್ಲಿಯೇ ಕಾಣಬೇಕಾದರೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯ ತಂಬಾಕಿನ ಕಥೆಯನ್ನು ನೋಡಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಕೃಷ್ಣೆ ಮತ್ತು ಅದರ ಉಪನದಿಗಳ ನೀರುಂಡ ಗಡಿನಾಡು. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯದ ಆಡಳಿತದಲ್ಲಿತ್ತು. ಇಂದು ಕಬ್ಬು ಇಲ್ಲಿನ ಮುಖ್ಯ ಬೆಳೆಯಾಗಿದ್ದರೂ, ನಿಪ್ಪಾಣಿಯ ಹೆಸರನ್ನು ದೇಶದಲ್ಲೆಲ್ಲ ಹರಡಿದ್ದು ಬೀಡಿಯ ತಂಬಾಕು. ಬೆಳೆಯುವವನು ರೈತ, ಕೊಳ್ಳುವವನು ವರ್ತಕ, ವಖಾರಿಯಲ್ಲಿ ಎಲೆಯನ್ನು ಕುಟ್ಟಿ ಸೋಸುವವಳು ಕೂಲಿ ಹೆಂಗಸು, ಮನೆಯಲ್ಲಿ ಕುಳಿತು ಬೀಡಿ ಸುತ್ತುವವಳು ಮತ್ತೊಬ್ಬ ಹೆಂಗಸು. ಈ ನಾಲ್ವರ ನಡುವೆ ಸರ್ಕಾರವು ತನ್ನ ತೆರಿಗೆಯನ್ನು ಎಲ್ಲಿ ನಿಂತು ವಸೂಲು ಮಾಡಬೇಕು ಎಂಬುದೇ ಇಲ್ಲಿನ ಪ್ರಶ್ನೆ.

1943ರಲ್ಲಿ ತಂಬಾಕಿನ ಎಲೆಯ ಮೇಲೆ ಕೇಂದ್ರ ಅಬಕಾರಿ ಸುಂಕ ಬಂದಿತು. 1944ರ ಕಾಯಿದೆಯು ಅದನ್ನು ವ್ಯವಸ್ಥೆಗೊಳಿಸಿತು. ಹೊಲದ ವಿಸ್ತೀರ್ಣವನ್ನು ರೈತನು ತಿಳಿಸಬೇಕು. ಎಲೆ ಹದವಾದ ಮೇಲೆ ಅಧಿಕಾರಿಯ ತೂಕವಾಗಬೇಕು. ಸಾಗಿಸಲು ಪರವಾನೆ ಬೇಕು. ಮಾಲು ಸರ್ಕಾರದ ನಿಗಾದ ವಖಾರಿಯಲ್ಲಿದ್ದು, ಸುಂಕ ತೆತ್ತ ಮೇಲೆಯೇ ಹೊರಬೀಳಬೇಕು. ಸುಂಕವನ್ನು ಕಟ್ಟುವವನು ವರ್ತಕನೇ ಆದರೂ ತನಿಖೆಯ ಕಿರಿಕಿರಿ ಸಣ್ಣ ಹಿಡುವಳಿದಾರನ ಬಾಗಿಲವರೆಗೂ ಬರುತ್ತಿತ್ತು. ವಸೂಲಿಯ ಸ್ಥಾನಗಳು ಹೆಚ್ಚಿದಷ್ಟೂ ವೆಚ್ಚವೂ ತಪ್ಪಿಸಿಕೊಳ್ಳುವ ದಾರಿಗಳೂ ಹೆಚ್ಚುತ್ತವೆ. ಆದುದರಿಂದ 1979ರ ಮುಂಗಡ ಪತ್ರದಲ್ಲಿ ಅರ್ಥಸಚಿವ ಚರಣಸಿಂಗರು ಎಲೆಯ ಮೇಲಿನ ಸುಂಕವನ್ನು ತೆಗೆದುಹಾಕಿ, ಅದರ ಭಾರವನ್ನು ಸಿದ್ಧವಸ್ತುಗಳ ಮೇಲೆ ಹೊರಿಸಿದರು. ದಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆಯೇ ಆಗಿತ್ತು.

ಆದರೆ ಆ ಎಲೆಯ ಸುಂಕಕ್ಕೆ ಮತ್ತೊಂದು ಕೊಂಡಿ ಬೆಸೆದುಕೊಂಡಿತ್ತು. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣನಿಧಿಯ ಕಾಯಿದೆಯನ್ನೂ ಅದಕ್ಕೆ ಹಣ ಒದಗಿಸುವ ಕರದ ಕಾಯಿದೆಯನ್ನೂ ಮಾಡಿತ್ತು. ವೈದ್ಯೋಪಚಾರ, ಮಕ್ಕಳ ಶಿಕ್ಷಣ, ವಸತಿ, ಕುಡಿಯುವ ನೀರು ಇವು ಆ ನಿಧಿಯ ಉದ್ದೇಶಗಳು. ಶಾಸನಕಾಲದ ದತ್ತಿಯಂತೆಯೇ ಇಲ್ಲಿಯೂ ಒಂದು ಸರಕಿನ ಕರವನ್ನು ಆ ಸರಕಿಗಾಗಿ ದುಡಿಯುವವರಿಗೇ ಮೀಸಲಿರಿಸಲಾಗಿತ್ತು. ಈ ಕರವನ್ನು ಎತ್ತುತ್ತಿದ್ದುದು ವಖಾರಿಯಿಂದ ಬೀಡಿಗಾಗಿ ಹೊರಬೀಳುವ ತಂಬಾಕಿನ ಮೇಲೆ. 1979ರಲ್ಲಿ ವಖಾರಿಯ ನಿಗಾ ಹೋದೊಡನೆ ಕರದ ನೆಲೆಯೂ ಹೋಯಿತು. ಕಾಯಿದೆಯನ್ನು 1981ರಲ್ಲಿ ತಿದ್ದಿ, 1982ರಿಂದ ಸಿದ್ಧ ಬೀಡಿಯ ಮೇಲೆ ಸಾವಿರಕ್ಕೆ 10 ಪೈಸೆಯಂತೆ ಕರ ಹಾಕುವವರೆಗೆ ನಿಧಿಗೆ ಹರಿಯುವ ಕಾಲುವೆ ಬತ್ತಿತ್ತು. ತೆರಿಗೆಯ ಒಂದು ಸುಧಾರಣೆ, ಯಾರೂ ಬಯಸದೆಯೇ, ಬಡವರ ಔಷಧಾಲಯದ ಹಣವನ್ನು ತಡೆಯಿತು.

ರೈತನ ಪಾಲಿಗೆ ಬೇರೊಂದು ಕೊರತೆಯಿತ್ತು. 1976ರಲ್ಲಿ ಗುಂಟೂರಿನಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯ ಹರಾಜುಕಟ್ಟೆಗಳು ಮುಂದೆ ಮೈಸೂರು ಸೀಮೆಯ ವರ್ಜೀನಿಯಾ ತಂಬಾಕಿಗೆ ಒದಗಿಬಂದವು. ನಿಪ್ಪಾಣಿಯ ಬೀಡಿ ತಂಬಾಕಿಗೆ ಆ ಆಶ್ರಯ ಸಿಗಲಿಲ್ಲ. ತಲೆಮಾರುಗಳ ಕಾಲ ಬೊಕ್ಕಸವನ್ನು ತುಂಬಿದ ಬೆಳೆಗೆ ನ್ಯಾಯವಾದ ತೂಕ, ಬಹಿರಂಗವಾದ ಧಾರಣೆ ಎಂಬ ಕನಿಷ್ಠ ಸೇವೆಯೂ ದೊರೆಯದೆ ಹೋಯಿತು. 1981ರ ಮಾರ್ಚ್ ತಿಂಗಳಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತುದು ಯೋಗ್ಯ ಬೆಲೆಗಾಗಿ. ಏಪ್ರಿಲ್ 6ರಂದು ಪೋಲೀಸರು ಹಾರಿಸಿದ ಗುಂಡಿಗೆ ರೈತರು ಬಲಿಯಾದರು. ವಖಾರಿಗಳ ಕೂಲಿ ಹೆಂಗಸರೂ ಆ ಕಾಲದಲ್ಲಿಯೇ ಸಂಘ ಕಟ್ಟಿಕೊಂಡರು. ಅವರ ಹೋರಾಟವನ್ನು ಕುರಿತು 1982ರಲ್ಲಿ ಯುಗಾಂತರ ಎಂಬ ತಂಡವು ಮರಾಠಿಯಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು.

ನಿಧಿಯಿದ್ದ ಮಾತ್ರಕ್ಕೆ ಸೇವೆಯು ತಲುಪಿತೆಂದು ಹೇಳಲಾಗದು. ಔಷಧಾಲಯಕ್ಕೆ ಹೋಗಲು, ಮಕ್ಕಳಿಗೆ ವಿದ್ಯಾರ್ಥಿವೇತನ ಪಡೆಯಲು ಕಾರ್ಮಿಕಳ ಬಳಿ ಗುರುತಿನ ಚೀಟಿ ಇರಬೇಕು. ಮನೆಯಲ್ಲಿ ಕುಳಿತು ಸುತ್ತುವವಳಿಗೂ ಬೀಡಿಯ ಒಡೆಯನಿಗೂ ನಡುವೆ ಗುತ್ತಿಗೆದಾರನಿರುತ್ತಾನೆ. ಅವನ ಪುಸ್ತಕದಲ್ಲಿ ಹೆಸರಿಲ್ಲದವಳು ಸರ್ಕಾರದ ಪುಸ್ತಕದಲ್ಲಿಯೂ ಇರುವುದಿಲ್ಲ. ಅವಳು ಸುತ್ತಿದ ಬೀಡಿಯು ಕರ ಕೊಟ್ಟಿರುತ್ತದೆ. ಅವಳಿಗೆ ಮಾತ್ರ ಫಲವಿಲ್ಲ. ಸಾರ್ವಜನಿಕ ಸೇವೆಯ ದಕ್ಷತೆಯನ್ನು ಅಳೆಯುವವರು ವೆಚ್ಚದ ಮೊತ್ತದ ಜೊತೆಗೆ ಈ ಹೆಸರಿಲ್ಲದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರವು ಹಂತಹಂತವಾಗಿ ಏರಿ ಸಾವಿರ ಬೀಡಿಗೆ 5 ರೂಪಾಯಿಯಾಗಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಹತ್ತಾರು ಸಣ್ಣ ಕರಗಳೊಡನೆ ಇದೂ ರದ್ದಾಯಿತು, ಬೀಡಿಗೆ ಶೇ. 28ರ ಒಂದೇ ತೆರಿಗೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಮಂಡಳಿಯು ಅದನ್ನು ಶೇ. 18ಕ್ಕೆ ಇಳಿಸಲು ನಿರ್ಧರಿಸಿತು. ಕರ ಹೋದರೂ ಕಲ್ಯಾಣ ಯೋಜನೆಗಳು ಉಳಿದವು. ಆದರೆ ಅವುಗಳ ಹಣವು ಈಗ ಸಾಮಾನ್ಯ ಬೊಕ್ಕಸದಿಂದ, ವರ್ಷವರ್ಷದ ಮುಂಗಡ ಪತ್ರದ ಮರ್ಜಿಯಂತೆ ಬರಬೇಕು.

ಒಂದೇ ತೆರಿಗೆಯ ಪಕ್ಷದಲ್ಲಿ ಬಲವಾದ ವಾದವಿದೆ. ಲೆಕ್ಕ ಸುಲಭ, ವಸೂಲಿಯ ವೆಚ್ಚ ಕಡಿಮೆ. ಒಂದು ಸರಕಿನ ಮಾರಾಟ ಕುಗ್ಗಿದರೆ ಅದರ ಕಾರ್ಮಿಕರ ಆಸರೆಯೂ ಕುಗ್ಗಬೇಕೆಂಬ ನಿರ್ಬಂಧವಿಲ್ಲ. ಧೂಮಪಾನವು ಕಡಿಮೆಯಾಗಬೇಕೆಂದು ಎಲ್ಲರೂ ಬಯಸುವ ಈ ಕಾಲದಲ್ಲಿ ಬೀಡಿಯ ಮಾರಾಟವನ್ನೇ ನಂಬಿದ ನಿಧಿಯು ಬಹುಕಾಲ ಬಾಳಲಾರದು. ಬೀಡಿ ಕಡಿಮೆಯಾದಾಗಲೇ ಸುತ್ತುವವಳಿಗೆ ಬೇರೆ ಕಸುಬು, ಬೆಳೆಯುವವನಿಗೆ ಬೇರೆ ಬೆಳೆ ಬೇಕಾಗುತ್ತವೆ. ಆಗಲೇ ನೆರವಿನ ಅಗತ್ಯ ಹೆಚ್ಚು. ಆದರೆ ಮೀಸಲು ಕರದಲ್ಲಿ ಕಾರ್ಮಿಕಳಿಗೆ ಒಂದು ಹಕ್ಕಿನ ಮಾತಿತ್ತು. ಇದು ನನ್ನ ದುಡಿಮೆಯಿಂದ ಬಂದ ಹಣ ಎಂದು ಅವಳು ಕೇಳಬಹುದಾಗಿತ್ತು. ಸಾಮಾನ್ಯ ಬೊಕ್ಕಸದ ಮುಂದೆ ಆ ಮಾತು ಬೇಡಿಕೆಯಾಗುತ್ತದೆ.

ಹಳೆಯ ಕಾಲದವರು ದತ್ತಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ನಡುವೆ ನಿಲ್ಲಿಸಿದರು. ಎಷ್ಟು ಬಂದಿತು, ಯಾರಿಗೆ ಸಂದಿತು ಎಂಬುದನ್ನು ಚಿಕ್ಕೋಡಿಯಲ್ಲಿಯೋ ನಿಪ್ಪಾಣಿಯಲ್ಲಿಯೋ ಬೀಡಿ ಸುತ್ತುವವಳು ತನ್ನ ಭಾಷೆಯಲ್ಲಿ ಓದಿ ತಿಳಿಯುವಂತಾದರೆ, ಕರದ ಹೆಸರು ಯಾವುದಾದರೂ ಅವಳ ಹಕ್ಕು ಉಳಿಯುತ್ತದೆ.