ಊರ ಕಾವಲು ಯಾರ ಹೊಣೆ?



ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಂಥ ಊರಿನಲ್ಲಿ ಒಂದೇ ವಾರದಲ್ಲಿ ಮೂರು ಮನೆಗಳಿಗೆ ಕನ್ನ ಬಿತ್ತು ಎಂದು ಭಾವಿಸಿ. ಯುವಕರು ದೊಣ್ಣೆ, ಟಾರ್ಚು ಹಿಡಿದು ರಾತ್ರಿ ಗಸ್ತಿಗೆ ಹೊರಡುತ್ತಾರೆ. ಇದು ಸೇವೆಯೇ, ಅಪರಾಧವೇ? ಇಂಥ ನಾಗರಿಕ ಪಡೆಗಳನ್ನು ಜನರು ಕೆಲವೊಮ್ಮೆ ಮೆಚ್ಚುವುದೂ ಕೆಲವೊಮ್ಮೆ ಹೆದರುವುದೂ ಏಕೆ?

ಊರಿನವರೇ ಊರು ಕಾಯುವುದು ನಮಗೆ ಹೊಸತಲ್ಲ. ಹಿಂದೆ ತಳವಾರ, ತೋಟಿಗಳು ಕಾವಲು ಕಾಯುತ್ತಿದ್ದರು. ಅದಕ್ಕೆ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದರು. ಆವತಿ ನಾಡಿನ ಪಾಳೆಯಗಾರರಿಗೆ ಸ್ವಂತ ಪಡೆಗಳಿದ್ದವು. ಮೈಸೂರು ಸಂಸ್ಥಾನದಲ್ಲಿ ‘ಕಂದಾಚಾರ’ ಎಂಬ ಸ್ಥಳೀಯ ಪಡೆ ಇತ್ತು. ಮೂಢ ಆಚರಣೆ ಎಂಬ ಇಂದಿನ ಅರ್ಥ ಇಲ್ಲಿಗೆ ಹೊಂದುವುದಿಲ್ಲ. ಈ ಪಡೆಯ ಜನ ಪೊಲೀಸರ ಕೆಲಸವನ್ನೂ ಸೈನಿಕರ ಕೆಲಸವನ್ನೂ ಮಾಡುತ್ತಿದ್ದರು.

ಸ್ವಾತಂತ್ರ್ಯಾನಂತರ ಈ ಹೊಣೆ ಕಾನೂನಿನ ಚೌಕಟ್ಟಿಗೆ ಬಂತು. 1946ರಲ್ಲಿ ಮುಂಬಯಿಯಲ್ಲಿ ಆರಂಭವಾಗಿದ್ದ ಗೃಹರಕ್ಷಕ ದಳಕ್ಕೆ ನಮ್ಮ ರಾಜ್ಯದಲ್ಲಿ 1962ರಲ್ಲಿ ಕಾಯ್ದೆಯ ಆಧಾರ ದೊರೆಯಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆಯೂ ಬಂತು. ಗೃಹರಕ್ಷಕರು ಚುನಾವಣೆ, ಜಾತ್ರೆ, ನೆರೆಹಾವಳಿಯ ಸಮಯದಲ್ಲಿ ದುಡಿಯುವುದನ್ನು ನೀವು ನೋಡಿರಬಹುದು. ಅವರಿಗೆ ತರಬೇತಿ ಇದೆ, ಸಮವಸ್ತ್ರ ಇದೆ; ತಪ್ಪು ಮಾಡಿದರೆ ಕೇಳುವ ಮೇಲಧಿಕಾರಿ ಇದ್ದಾರೆ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ? 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಮುರ್ಕಿ ಗ್ರಾಮದ ಬಳಿ ಜನರು ಅವರ ಕಾರನ್ನು ತಡೆದು ಥಳಿಸಿದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಆ ಜನ ನಂಬಿದ್ದರು. ಆದರೆ ಯಾರೂ ವಿಚಾರಿಸಲಿಲ್ಲ, ಸಿಕ್ಕಿಬಿದ್ದವರ ಮಾತನ್ನು ಕೇಳಲಿಲ್ಲ.

ಸರ್ಕಾರವೇ ಬೆಂಬಲಿಸಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಛತ್ತೀಸಗಢದಲ್ಲಿ ನಕ್ಸಲರ ವಿರುದ್ಧ 2005ರಲ್ಲಿ ಹುಟ್ಟಿದ ‘ಸಲ್ವಾ ಜುಡುಂ’ ಇದಕ್ಕೆ ನಿದರ್ಶನ. ಸಾಕಷ್ಟು ತರಬೇತಿಯಿಲ್ಲದ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ ಬಂದೂಕು ಕೊಡಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನಬಾಹಿರವೆಂದು ಸಾರಿ, ಬಂದೂಕುಗಳನ್ನು ಹಿಂಪಡೆಯಲು ಆದೇಶಿಸಿತು.

ಹಾಗಾದರೆ ಸಾಮಾನ್ಯ ನಾಗರಿಕನಿಗೆ ಯಾವ ಅಧಿಕಾರವೂ ಇಲ್ಲವೇ? ಇದೆ, ಆದರೆ ಅದಕ್ಕೆ ಮಿತಿಯಿದೆ. ತನ್ನ ಮತ್ತು ಇತರರ ಪ್ರಾಣ, ಆಸ್ತಿಗಳನ್ನು ಅಗತ್ಯವಿರುವಷ್ಟು ಬಲದಿಂದ ರಕ್ಷಿಸಿಕೊಳ್ಳಬಹುದು. ತನ್ನ ಕಣ್ಣೆದುರಿಗೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದರೆ ಆರೋಪಿಯನ್ನು ಹಿಡಿಯಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಂತೆ, ಅವನನ್ನು ವಿಳಂಬ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ.

ಈಗ ಬೂದಿಗೆರೆಯ ಯುವಕರ ಕಡೆಗೆ ಬರೋಣ. ಅವರು ಠಾಣೆಗೆ ತಿಳಿಸಿ ಗಸ್ತು ತಿರುಗಿದರೆ, ಅಪರಿಚಿತರನ್ನು ಕಂಡಾಗ 112ಕ್ಕೆ ಕರೆ ಮಾಡಿದರೆ ಊರಿಗೆ ನೆರವಾಗುತ್ತಾರೆ. ಗುರುತಿಲ್ಲದವರನ್ನೆಲ್ಲ ಕಟ್ಟಿಹಾಕಿ ಹೊಡೆದರೆ ಆರೋಪಿಗಳಾಗುತ್ತಾರೆ. ನಿಮ್ಮ ಊರಲ್ಲಿ ಇಂಥ ಗುಂಪು ಹೊರಟರೆ ಮೊದಲು ಈ ಪ್ರಶ್ನೆ ಕೇಳಿ: ಇವರು ತಪ್ಪಿದರೆ ಇವರನ್ನು ಕೇಳುವವರು ಯಾರು?