ಐದು ತಿಂಗಳ ವ್ಯಾಪಾರ, ಹನ್ನೆರಡು ತಿಂಗಳ ಬಾಡಿಗೆ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ರೈತರ ಮಾತು. ಕಣದಲ್ಲಿ ರಾಶಿ ಹಾಕಿಕೊಂಡು ಕುಳಿತವನಿಗೆ ಗಾಳಿ ಯಾವಾಗ ಬೀಸೀತೆಂಬ ಚಿಂತೆಯೊಂದೇ. ಕಣಕ್ಕೆ ಅವನು ಬಾಡಿಗೆ ತೆರಬೇಕಾಗಿಲ್ಲ. ಆದರೆ ಗಾಳಿಯು ವರ್ಷದಲ್ಲಿ ಐದೇ ತಿಂಗಳು ಬೀಸಿ, ಕಣದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಏರುತ್ತ ಹೋದರೆ? ಅಂಡಮಾನಿನ ಶಹೀದ್ ದ್ವೀಪದಲ್ಲಿ ಅಂಗಡಿ ಹೂಡುವವನ ಪಾಡು ಹೆಚ್ಚು ಕಡಿಮೆ ಇಂಥದೇ.

ಈ ದ್ವೀಪಕ್ಕೆ 2018ರ ಡಿಸೆಂಬರ್ 30ರವರೆಗೆ ನೀಲ್ ಎಂದು ಹೆಸರಿತ್ತು. ನೆರೆಯ ಹ್ಯಾವ್‌ಲಾಕ್ ಅದೇ ದಿನ ಸ್ವರಾಜ್ ದ್ವೀಪವಾಯಿತು. ಇವೆರಡಕ್ಕೂ ಹಡಗು ಹೊರಡುವ ಪೋರ್ಟ್ ಬ್ಲೇರ್ ಪಟ್ಟಣವು 2024ರಲ್ಲಿ ಶ್ರೀ ವಿಜಯಪುರಂ ಎನಿಸಿಕೊಂಡಿತು. ನಕ್ಷೆಯಲ್ಲಿ ಹೆಸರು ಬದಲಾದರೂ ಊರಿನ ಸ್ವಭಾವ ಬದಲಾಗಿಲ್ಲ. ದೇಶವಿಭಜನೆಯ ತರುವಾಯ ಪೂರ್ವಬಂಗಾಳದಿಂದ ಮನೆಮಾರು ತೊರೆದು ಬಂದ ನಿರಾಶ್ರಿತರನ್ನು ಸರ್ಕಾರವು ಇಲ್ಲಿ ನೆಲೆಗೊಳಿಸಿತು. ಅವರು ಕಾಡು ಕಡಿದರು, ಗದ್ದೆ ಮಾಡಿದರು, ಕಾಯಿಪಲ್ಲೆ ಬೆಳೆದರು; ಇಂದಿಗೂ ಅಂಡಮಾನಿನ ತರಕಾರಿಯ ಬುಟ್ಟಿಯೆಂದೇ ಈ ದ್ವೀಪಕ್ಕೆ ಖ್ಯಾತಿ. ಹಳ್ಳಿಗಳ ಹೆಸರುಗಳೋ ರಾಮಾಯಣದಿಂದ ಇಳಿದು ಬಂದವು: ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಪಾಪ, ಶತ್ರುಘ್ನನೊಬ್ಬನಿಗೆ ಮಾತ್ರ ಇಲ್ಲಿ ಜಾಗ ದೊರೆಯಲಿಲ್ಲ! 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಮೂರು ಸಾವಿರದಷ್ಟು. ಅಷ್ಟು ಜನರನ್ನು ನಂಬಿ ದಿನಸಿಯ ಅಂಗಡಿ ನಡೆದೀತು. ಬಟ್ಟೆ, ಮುತ್ತಿನ ಸರ, ತೆಂಗಿನ ಚಿಪ್ಪಿನ ಬೊಂಬೆಗಳ ಅಂಗಡಿ ನಡೆಯಲಾರದು. ಅದಕ್ಕೆ ಪ್ರವಾಸಿಗಳೇ ಬೇಕು.

ಪ್ರವಾಸಿಗಳು ಬರುವುದು ಸಮುದ್ರ ಶಾಂತವಾದಾಗ. ಮುಂಗಾರು ಮೊದಲು ಕಾಲಿಡುವುದೇ ಈ ದ್ವೀಪಸ್ತೋಮದಲ್ಲಿ, ಸಾಮಾನ್ಯವಾಗಿ ಮೇ ತಿಂಗಳ ಮೂರನೆಯ ವಾರದಲ್ಲಿ. ಅದು ಮುಗಿಯುತ್ತಲೇ ಹಿಂಗಾರು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ದುರ್ಗಾಪೂಜೆಯ ರಜೆಗೆ ಒಂದಷ್ಟು ಜನ ಬರುತ್ತಾರೆ. ನವೆಂಬರಿನಿಂದ ಮಾರ್ಚಿಯವರೆಗೆ ಜಾತ್ರೆಯೇ ಸರಿ. ಬೇಸಗೆಯ ಶಾಲಾರಜೆಯಲ್ಲಿ ಮತ್ತೆ ಕೆಲವರು. ಉಳಿದ ದಿನಗಳಲ್ಲಿ ಹಡಗಿನಿಂದ ಇಳಿಯುವವರು ಊರಿನವರು, ಕೋಳಿ ಮೊಟ್ಟೆಯ ಬುಟ್ಟಿಗಳು ಮತ್ತು ಸರ್ಕಾರಿ ನೌಕರರು.

ಕ್ರಿಸ್ಮಸ್ಸಿನ ರಜೆಗೆ ಬಂದ ಗೃಹಸ್ಥನು ಧಕ್ಕೆಯಲ್ಲಿಳಿದು ಭರತಪುರದ ಕಡಲತೀರಕ್ಕೆ ನಡೆಯುವಾಗ ಎರಡು ಬದಿಯ ಅಂಗಡಿಗಳಲ್ಲಿಯೂ ಜನ ಮುಗಿಬಿದ್ದಿರುವುದನ್ನು ಕಾಣುತ್ತಾನೆ. ನಡುವೆ ಒಂದು ಮಳಿಗೆಗೆ ಬಾಗಿಲು ಹಾಕಿ ‘ಬಾಡಿಗೆಗೆ ಇದೆ’ ಎಂಬ ಹಲಗೆ ತೂಗಿದ್ದರೆ ಅವನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಭವಿಷ್ಯನಿಧಿಯ ಹಣ ಕೈಸೇರಲಿದೆ. ಮಗನಿಗೆ ನೆಲೆ ನಿಲ್ಲುವ ಕೆಲಸವಿಲ್ಲ. ಸಂಜೆ ಹೊಟೇಲಿನ ಜಗಲಿಯಲ್ಲಿ ಕುಳಿತು ಪತ್ನಿಯೊಡನೆ ಲೆಕ್ಕ ಹಾಕುತ್ತಾನೆ. ಇಂಥ ಲೆಕ್ಕದಲ್ಲಿ ಒಂದೇ ದೋಷ: ಡಿಸೆಂಬರನ್ನು ಹನ್ನೆರಡರಿಂದ ಗುಣಿಸಲಾಗಿರುತ್ತದೆ.

ಬಾಡಿಗೆ ತಿಂಗಳಿಗೆ 20,000 ರೂಪಾಯಿಯೆಂದು ಊಹಿಸಿಕೊಂಡರೆ ವರ್ಷಕ್ಕೆ 2,40,000 ಆಯಿತು. ವ್ಯಾಪಾರ ನಡೆಯುವ ಐದು ತಿಂಗಳಿಗೆ ಅದನ್ನು ಹಂಚಿದರೆ ತಿಂಗಳೊಂದಕ್ಕೆ 48,000. ಎಂದರೆ ಹಲಗೆಯ ಮೇಲೆ ಬರೆದ ಬಾಡಿಗೆ ಒಂದು, ಹೊಟ್ಟೆಗೆ ತಾಕುವ ಬಾಡಿಗೆ ಅದರ ಸುಮಾರು ಎರಡೂವರೆ ಪಟ್ಟು. ಮಳಿಗೆ ದುಬಾರಿಯೋ ಅಗ್ಗವೋ ಎಂಬುದನ್ನು ಎರಡನೆಯ ಅಂಕಿಯಿಂದಲೇ ಅಳೆಯಬೇಕು. ಇದಲ್ಲದೆ ಬೆಳಗಿನ ಹಡಗಿನಲ್ಲಿ ಬಂದು ಸಂಜೆಯ ಹಡಗಿನಲ್ಲಿ ಮರಳುವ ಪ್ರವಾಸಿಗಳೂ ಬಹಳ. ಅವರು ಧಕ್ಕೆಯ ಸುತ್ತಲ ಕೆಲವೇ ಹೆಜ್ಜೆಗಳಲ್ಲಿ ಹಣ ಬಿಚ್ಚುತ್ತಾರೆಯೇ ಹೊರತು ದ್ವೀಪದ ಇನ್ನೊಂದು ತುದಿಯಲ್ಲಿರುವ ಸೀತಾಪುರದ ಅಂಗಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಸೂರ್ಯಾಸ್ತಕ್ಕೆ ಹೆಸರಾದ ಲಕ್ಷ್ಮಣಪುರದಲ್ಲಿ ವ್ಯಾಪಾರವೆಲ್ಲ ಸಂಜೆಯ ಒಂದೆರಡು ತಾಸಿನದು. ಒಂದೇ ದ್ವೀಪದಲ್ಲಿ ಮೂರು ಮಳಿಗೆ, ಮೂರು ಹಣೆಬರಹ.

ಇನ್ನು ಕರಾರುಪತ್ರದ ವಿಚಾರ. ಭಾರತದ ಎಲ್ಲ ಕಡೆಯಂತೆ ಇಲ್ಲಿಯೂ ಹನ್ನೊಂದು ತಿಂಗಳ ಕರಾರಿನ ಮೋಹ ಬಹಳ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚನ್ನೂ ತಿರುಗಾಟವನ್ನೂ ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ಉಪಾಯ ಹುಟ್ಟಿತು. ಪಟ್ಟಣದ ಮನೆಗೆ ಇದರಿಂದ ದೊಡ್ಡ ಹಾನಿಯಿಲ್ಲ. ಋತುಮಾನದ ದ್ವೀಪದಲ್ಲಾದರೋ ಇದು ಉರುಳು. ಹೊಸ ವ್ಯಾಪಾರಿ ಸಹಿ ಹಾಕುವುದು ಸಾಮಾನ್ಯವಾಗಿ ಅಕ್ಟೋಬರ್ ಮೊದಲಲ್ಲಿ, ಋತು ಇನ್ನೇನು ತೆರೆಯಲಿದೆ ಎನ್ನುವಾಗ. ಹನ್ನೊಂದು ತಿಂಗಳು ಎಣಿಸಿದರೆ ಕರಾರು ಮುಗಿಯುವುದು ಆಗಸ್ಟ್ ಕೊನೆಗೆ. ಅಂದರೆ ಅವನು ಒಂದು ಸುಗ್ಗಿಯನ್ನು ಕಂಡು, ಒಂದು ಮಳೆಗಾಲದ ಬಾಡಿಗೆಯನ್ನು ಪೂರ್ತಿ ತೆತ್ತು, ಎರಡನೆಯ ಸುಗ್ಗಿ ಕಣ್ಣಿಗೆ ಕಾಣುವ ಹೊತ್ತಿಗೆ ಹಕ್ಕಿಲ್ಲದವನಾಗಿ ಮಾಲೀಕನೆದುರು ನಿಲ್ಲುತ್ತಾನೆ. ಆಗ ಮಾಲೀಕನು ಹೇಳಿದ್ದೇ ಬಾಡಿಗೆ. ಗಿರಾಕಿಗೆ ಪರಿಚಯವಾದ ಸ್ಥಳವನ್ನು ಬಿಡಲಾರದೆ ಅವನು ಒಪ್ಪಿಕೊಳ್ಳುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ. ಪಂಚಾಂಗ ನೋಡದೆ ಬರೆದ ಕರಾರಿನ ಫಲವಷ್ಟೆ.

ಅದೇ ಮಾತನ್ನು ಜೂನ್ ತಿಂಗಳಲ್ಲಿ ಎತ್ತಿದವನಿಗೆ ಬೇರೆ ಉತ್ತರ ದೊರೆಯುತ್ತದೆ. ಮಳೆ ಹೊಯ್ಯುತ್ತಿರುವಾಗ ಬೀಗ ಬಿದ್ದ ಮಳಿಗೆಯ ಒಡೆಯನು ನಾಲ್ಕು ಮಾತು ತಗ್ಗಿ ಆಡುತ್ತಾನೆ. ಕರಾರು ಮೇ ಕೊನೆಗೆ ಮುಗಿಯುವಂತೆ ತಾರೀಖು ಗೊತ್ತುಮಾಡಿಕೊಂಡರೆ ಕೊಟ್ಟ ಬಾಡಿಗೆಗೆ ಸರಿಯಾಗಿ ಸುಗ್ಗಿಗಳು ದಕ್ಕುತ್ತವೆ, ಹೊಸ ಚೌಕಾಶಿಯೂ ಇಬ್ಬರಿಗೂ ತಣ್ಣಗಿನ ಹೊತ್ತಿನಲ್ಲಿ ನಡೆಯುತ್ತದೆ. ಮೂರು ವರ್ಷಕ್ಕೆ ಬರೆಸಿ, ಮತ್ತೆ ಮುಂದುವರಿಸುವ ಹಕ್ಕನ್ನು ಬಾಡಿಗೆದಾರನಿಗಿರಿಸಿ, ನೋಂದಾಯಿಸಿದರೆ ಇನ್ನೂ ಕ್ಷೇಮ. ಮೂರು ವರ್ಷವೆಂದು ಬಿಳಿಯ ಕಾಗದದಲ್ಲಿ ಬರೆದು, ನೋಂದಾಯಿಸದೆ ಪೆಟ್ಟಿಗೆಯಲ್ಲಿಟ್ಟವನ ಗತಿ ಮಾತ್ರ ಕಷ್ಟ. ಆ ಕಾಗದವನ್ನು ಮೂರು ವರ್ಷದ ಹಕ್ಕಿಗೆ ಆಧಾರವೆಂದು ನ್ಯಾಯಾಲಯವು ಒಪ್ಪದು; 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಅವನು ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರನೆನಿಸಿ, ಹದಿನೈದು ದಿನಗಳ ನೋಟೀಸಿಗೆ ಹೊರಬೀಳಬೇಕಾದೀತು. ಆ ನೋಟೀಸು ನವೆಂಬರಿನಲ್ಲಿ ಬಂದರೆ ಆಗುವ ನಷ್ಟವನ್ನು ಹೇಳಬೇಕಾಗಿಲ್ಲ.

ಬಾಡಿಗೆಯ ಕ್ರಮವನ್ನೇ ಬದಲಿಸಿಕೊಳ್ಳುವುದಕ್ಕೂ ದಾರಿಯುಂಟು. ಕನ್ನಡ ನಾಡಿನಲ್ಲಿ ಹಿಂದೆ ಬೇಸಾಯದ ಭೂಮಿಗೆ ‘ವಾರ’ದ ಗೇಣಿ ಇತ್ತು. ಬೆಳೆದದ್ದರಲ್ಲಿ ಇಂತಿಷ್ಟು ಪಾಲು ಒಡೆಯನಿಗೆ. ಬೆಳೆ ಕೈಕೊಟ್ಟರೆ ಒಡೆಯನ ಪಾಲೂ ಅಷ್ಟಕ್ಕಷ್ಟೆ. ಆ ಪದ್ಧತಿಯಲ್ಲಿ ಒಕ್ಕಲಿಗೆ ಆದ ಅನ್ಯಾಯಗಳು ಅಲ್ಪವಲ್ಲ. ಆದರೂ ಮಳೆಯನ್ನು ನಂಬಿದ ಕಸುಬಿನಲ್ಲಿ ನಷ್ಟವನ್ನು ಇಬ್ಬರೂ ಹೊರಬೇಕೆಂಬ ವಿವೇಕ ಅದರಲ್ಲಿತ್ತು. ಇಂದು ದೊಡ್ಡ ನಗರಗಳ ಮಾಲ್‌ಗಳಲ್ಲಿ ಮಾರಾಟದ ಶೇಕಡಾವಾರು ಬಾಡಿಗೆಯೆಂದು ಹೊಸ ಅಂಗಿ ತೊಟ್ಟು ಬಂದಿರುವುದು ಈ ವಾರವೇ. ಹಿಂದಿನ ಉದಾಹರಣೆಯನ್ನೇ ತೆಗೆದುಕೊಂಡರೆ, ತಿಂಗಳಿಗೆ 8,000 ರೂಪಾಯಿಯ ಸ್ಥಿರ ಬಾಡಿಗೆ, ಋತುವಿನ ಐದು ತಿಂಗಳಲ್ಲಿ ಮಾತ್ರ ಮಾರಾಟದ ಶೇಕಡಾ 10 ಎಂದು ಗೊತ್ತುಪಡಿಸಬಹುದು. ಆ ಐದು ತಿಂಗಳಲ್ಲಿ 15 ಲಕ್ಷದ ಮಾರಾಟವಾದರೆ ಮಾಲೀಕನಿಗೆ ಸಲ್ಲುವುದು ಒಟ್ಟು 2,46,000. ಹಳೆಯ ಬಾಡಿಗೆಗಿಂತ ಆರು ಸಾವಿರ ಹೆಚ್ಚೇ. ಮಾರಾಟ ಅರ್ಧಕ್ಕಿಳಿದರೆ 1,71,000. ವ್ಯಾಪಾರಿಗೆ ಪ್ರಾಣ ಉಳಿಯಿತು. ಮಾಲೀಕನಿಗೆ ಮಳಿಗೆ ಖಾಲಿಯಾಗದೆ ಉಳಿಯಿತು.

ಮಾಲೀಕನು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಅವನ ಹಿಂಜರಿಕೆಗೆ ಕಾರಣವೂ ಇದೆ. ಗದ್ದೆಯ ಪಾಲನ್ನು ಕಣದಲ್ಲಿ ನಿಂತು ಅಳೆಯಿಸಿಕೊಳ್ಳಬಹುದಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಹಗಲೆಲ್ಲ ಯಾರು ನಿಂತಾರು? ಜಿ.ಎಸ್.ಟಿ. ಲೆಕ್ಕವೂ, ಫೋನಿನ ಮೂಲಕ ಪಾವತಿಯಾದ ಹಣದ ಲೆಕ್ಕವೂ ಈಗ ಕಣದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತವೆ. ಅವುಗಳ ಪ್ರತಿಯನ್ನು ತಿಂಗಳಿಗೊಮ್ಮೆ ಕೊಡತಕ್ಕದ್ದೆಂದು ಕರಾರಿನಲ್ಲಿ ಸೇರಿಸಿದರೆ ಅನುಮಾನ ತಗ್ಗುತ್ತದೆ. ಮಾಲೀಕನೂ ದೊಡ್ಡ ಸಾಹುಕಾರನಾಗಿರಬೇಕೆಂದಿಲ್ಲ. ತಾತನಿಗೆ ಸರ್ಕಾರ ಕೊಟ್ಟ ನೆಲದ ಅಂಚಿನಲ್ಲಿ ನಾಲ್ಕು ಮಳಿಗೆ ಕಟ್ಟಿಸಿದ ನೆಲೆಗಾರನಾಗಿದ್ದರೆ, ಕಬ್ಬಿಣವೂ ಸಿಮೆಂಟೂ ಕಡಲು ದಾಟಿ ಬಂದಿರುತ್ತವೆ. ಆ ಸಾಲದ ಕಂತು ಮಳೆಗಾಲದಲ್ಲಿಯೂ ನಿಲ್ಲುವುದಿಲ್ಲ.

ಆ ನೆಲದ ಹಕ್ಕನ್ನೂ ಮೊದಲೇ ವಿಚಾರಿಸತಕ್ಕದ್ದು. 1966ರ ಅಂಡಮಾನ್ ನಿಕೋಬಾರ್ ಭೂಕಂದಾಯ ಮತ್ತು ಭೂಸುಧಾರಣಾ ವಿನಿಯಮದ ಪ್ರಕಾರ ದ್ವೀಪಗಳ ಭೂಮಿಯೆಲ್ಲವೂ ಮೂಲತಃ ಸರ್ಕಾರದ್ದು. ನೆಲೆಗಾರರಿಗಿರುವುದು ಅದು ದಯಪಾಲಿಸಿದ, ಷರತ್ತುಗಳುಳ್ಳ ಅನುಭೋಗದ ಹಕ್ಕು. ಬೇಸಾಯಕ್ಕೆಂದು ಕೊಟ್ಟ ನೆಲದಲ್ಲಿ ಅಂಗಡಿ ಎದ್ದಿದ್ದರೆ ಉಪಯೋಗ ಬದಲಾವಣೆಗೆ ಅಪ್ಪಣೆ ದೊರೆತಿದೆಯೇ, ಇನ್ನೊಬ್ಬರಿಗೆ ಬಾಡಿಗೆಗೆ ಕೊಡಲು ಅವಕಾಶವಿದೆಯೇ ಎಂಬುದನ್ನು ಕಂದಾಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಕಡಲಿಗೆ ಹತ್ತಿರವಾದಷ್ಟೂ ಇನ್ನೊಂದು ಎಚ್ಚರ ಬೇಕು: 2019ರ ದ್ವೀಪ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತದ ರೇಖೆಯ ಬಳಿ ಕಟ್ಟಡಗಳನ್ನು ನಿರ್ಬಂಧಿಸುತ್ತದೆ. ಅಲೆಗಳ ಸದ್ದು ಕೇಳುವ ಮಳಿಗೆಗೆ ಗಿರಾಕಿ ಹೆಚ್ಚು. ಅದನ್ನು ಕೆಡವುವ ಆಜ್ಞೆ ಬರುವ ಭಯವೂ ಹೆಚ್ಚು.

ಇಷ್ಟಾದರೂ ಹಡಗು ಬಾರದಿದ್ದರೆ ಎಲ್ಲ ಲೆಕ್ಕವೂ ತಲೆಕೆಳಗು. 2016ರ ಡಿಸೆಂಬರಿನಲ್ಲಿ, ಋತು ಏರುತ್ತಿದ್ದ ಹೊತ್ತಿನಲ್ಲೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಹಡಗುಗಳು ನಿಂತುಹೋದವು. ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಈ ಎರಡು ದ್ವೀಪಗಳಲ್ಲಿ ಸಿಕ್ಕಿಕೊಂಡು, ನೌಕಾಪಡೆ ಅವರನ್ನು ಕರೆತರಬೇಕಾಯಿತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಪ್ರವಾಸವೇ ನಿಂತಿತು. ಇಂಥ ದಿನಗಳಿಗೂ ಬಾಡಿಗೆ ಕೊಡಬೇಕೆ? ಸಾಮಾನ್ಯ ಬುದ್ಧಿ ಬೇಡವೆನ್ನುತ್ತದೆ, ಕಾನೂನು ಹಾಗೆನ್ನುವುದಿಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ ಬೆಂಕಿ, ಬಿರುಗಾಳಿ, ಪ್ರವಾಹ ಮುಂತಾದುವುಗಳಿಂದ ಸ್ವತ್ತು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯೋಗಿಯಾದರೆ ಬಾಡಿಗೆದಾರನು ಗುತ್ತಿಗೆಯನ್ನು ಕೊನೆಗಾಣಿಸಬಹುದು. ಮಳಿಗೆ ನೆಟ್ಟಗೆ ನಿಂತಿದ್ದು ಗಿರಾಕಿ ಮಾತ್ರ ಬಾರದಿದ್ದರೆ ಆ ಪ್ರಕರಣ ಅನ್ವಯಿಸದು. ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಸಂಬಂಧವಾಗಿ ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ ಇದೇ ಅಭಿಪ್ರಾಯವನ್ನು ಸಾರಿತು. ಕರಾರಿನಲ್ಲಿ ಬರೆದುಕೊಂಡವರಿಗೆ ವಿನಾಯಿತಿ, ಬರೆದುಕೊಳ್ಳದವರಿಗೆ ಅದು ಹಕ್ಕೆನಿಸದು.

ಇದಕ್ಕೂ ಹಳೆಯದು 1968ರ ಸುಪ್ರೀಂ ಕೋರ್ಟಿನ ತೀರ್ಪು. ವಿಭಜನೆಯ ಗಲಭೆಯಲ್ಲಿ ಪಂಜಾಬಿನ ಭೂಮಿಯನ್ನು ಬಿಟ್ಟು ಬಂದ ಗುತ್ತಿಗೆದಾರನು ಮೊದಲೇ ತೆತ್ತಿದ್ದ ಹಣವನ್ನು ಹಿಂದಕ್ಕೆ ಕೇಳಿದ್ದನು. ಭೂಮಿ ಒಮ್ಮೆ ಸ್ವಾಧೀನಕ್ಕೆ ಬಂದ ಮೇಲೆ ಅಸಾಧ್ಯವಾದ ಕರಾರು ರದ್ದೆಂಬ ನಿಯಮ ಗುತ್ತಿಗೆಗೆ ಸಲ್ಲದೆಂದು ನ್ಯಾಯಾಲಯ ಹೇಳಿತು. ದೇಶವೇ ಕೈಬಿಟ್ಟಾಗಲೂ ಹಿಂದಿರುಗದ ಹಣವು ಒಂದು ವಾರದ ಬಿರುಗಾಳಿಗೆ ಹಿಂದಿರುಗೀತೆ? ಆದುದರಿಂದ ‘ಧಕ್ಕೆಗೆ ಪ್ರಯಾಣಿಕರ ಹಡಗು ಬಾರದ ದಿನಗಳಿಗೆ ಬಾಡಿಗೆಯಲ್ಲಿ ಇಂತಿಷ್ಟು ಕಡಿತ’ ಎಂಬ ಒಂದು ಸಾಲನ್ನು ತಿಳಿಗನ್ನಡದಂಥ ಸರಳ ಭಾಷೆಯಲ್ಲಿ ಬರೆಸಿಕೊಳ್ಳದವನು ವಕೀಲನಿಗೆ ಕೊಡುವ ಹಣವನ್ನೂ ತೆಗೆದಿರಿಸಿಕೊಳ್ಳಬೇಕಾಗುತ್ತದೆ.

ಮಳೆಗಾಲದಲ್ಲಿ ಬೀಗ ಹಾಕಿ ಊರಿಗೆ ಹೋಗಿಬಿಟ್ಟರಾಯಿತೆಂದು ಕೆಲವರು ಭಾವಿಸುತ್ತಾರೆ. ಉಪ್ಪಿನ ಗಾಳಿಗೆ ಕಬ್ಬಿಣದ ಬಾಗಿಲು ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ, ಗೋಡೆ ಒಸರುತ್ತದೆ. ವಾರಕ್ಕೆರಡು ಬಾರಿ ಬಾಗಿಲು ತೆರೆದು ಗಾಳಿಯಾಡಿಸುವವರು ಊರಿನಲ್ಲಿ ಒಬ್ಬರಿರಬೇಕು. ಸೋರುವ ಛಾವಣಿಯ ದುರಸ್ತಿ ಯಾರದೆಂದು ಬರೆದಿರಬೇಕು. ಮಾಲೀಕನದೆಂದು ಬರೆದಿದ್ದು, ತಿಳಿಸಿದ ಮೇಲೂ ಅವನು ತಕ್ಕ ಅವಧಿಯಲ್ಲಿ ಮಾಡಿಸದಿದ್ದರೆ, ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಅಧಿಕಾರವನ್ನು ಕಾಯಿದೆಯೇ ಬಾಡಿಗೆದಾರನಿಗೆ ಕೊಟ್ಟಿದೆ. ಸರಕಿನ ವಿಷಯದಲ್ಲಿಯೂ ಒಂದು ಮಾತು: ಹವಳವನ್ನಾಗಲಿ, ನಿಷೇಧಿಸಲ್ಪಟ್ಟ ಶಂಖಚಿಪ್ಪುಗಳನ್ನಾಗಲಿ ಮಾರುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಕಡಲು ದಡಕ್ಕೆ ತಂದೊಗೆದ ವಸ್ತುವಿಗೆ ಬಂಡವಾಳವೇನು ಎಂದು ಆಸೆಪಟ್ಟರೆ ಮಳಿಗೆಯ ಜೊತೆಗೆ ಮಾನವೂ ಹೋದೀತು.

ಬಿಟ್ಟುಹೋಗುವ ದಿನದ ಬಗ್ಗೆ ಬರುವ ದಿನವೇ ಯಾರೂ ಯೋಚಿಸುವುದಿಲ್ಲ. ವ್ಯಾಪಾರಿಯು ತನ್ನ ಖರ್ಚಿನಿಂದ ಜೋಡಿಸಿದ ಹಲಗೆ, ಕಪಾಟು, ಗಾಜಿನ ಕಟ್ಟು ಇವನ್ನೆಲ್ಲ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಿಚ್ಚಿಕೊಂಡು ಹೋಗಬಹುದು. ಮಳಿಗೆಯನ್ನು ಪಡೆದಾಗ ಇದ್ದ ಸ್ಥಿತಿಗೆ ತಂದೊಪ್ಪಿಸಬೇಕು. ಆದರೆ ಸ್ವಾಧೀನ ಅವನ ಕೈಯಲ್ಲಿರುವಷ್ಟು ದಿನ ಮಾತ್ರ ಆ ಹಕ್ಕು. ಮುಂಗಡದ ಠೇವಣಿಯನ್ನು ಎಣಿಸಿಕೊಂಡು, ಸಾಮಾನನ್ನು ಹಡಗಿಗೇರಿಸಿದ ಮೇಲೆಯೇ ಬೀಗದ ಕೈ ಒಪ್ಪಿಸುವವರು ಬುದ್ಧಿವಂತರು. ಕೈ ಒಪ್ಪಿಸಿ ಹೊರಬಂದ ಮೇಲೆ ಗೋಡೆಯಲ್ಲುಳಿದ ಹಲಗೆ ಮಾಲೀಕನದು. ಅದರ ಮೇಲೆ ಮುಂದಿನ ನವೆಂಬರಿನಲ್ಲಿ ಇನ್ನೊಬ್ಬನ ಸರಕು ಕುಳಿತಿರುತ್ತದೆ.